ದೇವನಹಳ್ಳಿ ಕೋಟೆ ಕಲ್ಲಿನದಲ್ವಾ, ಮತ್ತೆ ಯಾಕೆ ಬಿರುಕು ಬಿಡುತ್ತದೆ?

ಮುಖ್ಯ ಕಾರಣ, ಕಲ್ಲಿನ ಸಂದಿಯಲ್ಲಿ ಬೆಳೆಯುವ ಗಿಡಗಳು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಅದು ಕಲ್ಲಿನದಾಯಿತು. ಫಿರಂಗಿ ಕಿಂಡಿಗಳಿರುವ ಮೇಲ್ಭಾಗ ಮಾತ್ರ ಇಟ್ಟಿಗೆ, ಸುಣ್ಣದ ಗಾರೆಯದು.

ಹಕ್ಕಿಗಳ ಹಿಕ್ಕೆಯಲ್ಲಿ ಬಂದ ಅರಳಿ, ಆಲದ ಬೀಜ ಗಾರೆಯಲ್ಲೇ ಮೊಳೆಯುತ್ತದೆ. ಬೇರು ದಪ್ಪವಾದಂತೆ ಕಲ್ಲನ್ನೇ ಆಚೆ ತಳ್ಳುತ್ತದೆ. ಆ ಬಿರುಕಿಗೆ ಮಳೆನೀರು ಇಳಿದರೆ ಒಳಗಿನ ಗಾರೆಯೂ ಕೊಚ್ಚಿಹೋಗುತ್ತದೆ.

ಸುಮ್ನೆ ಗಿಡ ಕತ್ತರಿಸಿದರೆ ಸಾಲದು, ಉಳಿದ ಬೇರು ಮತ್ತೆ ಚಿಗುರುತ್ತದೆ. ಸಿಮೆಂಟ್ ಮೆತ್ತುವುದಂತೂ ಇನ್ನೂ ಕೆಟ್ಟದ್ದು: ಗೋಡೆಯ ತೇವ ಹೊರಬರಲು ಬಿಡುವುದಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದ ಪಕ್ಕದಲ್ಲೇ ಇರುವ, ಒಳಗೆ ಇಂದಿಗೂ ಜನ ಬಾಳುತ್ತಿರುವ ಈ ಕೋಟೆಗೆ ಬೇಕಿರುವುದು ಬೇರುಸಹಿತ ಗಿಡ ತೆಗೆದು ಸುಣ್ಣದ ಗಾರೆಯಿಂದಲೇ ಸಂದಿ ತುಂಬುವ ಕೆಲಸ, ಅದೂ ಪ್ರತಿ ವರ್ಷ, ಮಳೆಗಾಲಕ್ಕೆ ಮೊದಲು.