ಎರಡು ವರ್ಷದ ಮಗಳು ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುತ್ತಾಳೆ. 'ಮುಟ್ಟಬೇಡ' ಅಂತ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಮಗಳಿಗೆ ಎರಡು ವರ್ಷ ಎರಡು ತಿಂಗಳು, ಸೂಪರ್ ಮಾರ್ಕೆಟ್‌ನಲ್ಲಿ ಉಪ್ಪಿನಕಾಯಿ ಬಾಟಲ್ ಎಳೆದು ಒಡೆದಳು, ಬೈದರೆ ನಗುತ್ತಾಳೆ, ಅತ್ತೆ 'ಎರಡು ಏಟು ಕೊಡು, ಸರಿಹೋಗುತ್ತಾಳೆ' ಅನ್ನುತ್ತಾರೆ ಅಂತ ಬರೆದಿದ್ದೀರಿ. ನನ್ನ ಮಗನಿಗೆ ಈಗ ಎರಡೂವರೆ. ನಮ್ಮ ಕಡೆಯಿಂದ ಒಡೆದದ್ದು ಉಪ್ಪಿನಕಾಯಿ ಅಲ್ಲ, ಜೇನುತುಪ್ಪ. ಒರೆಸುವುದಕ್ಕೆ ಅದು ಇನ್ನೂ ಕಷ್ಟ.

ನಾನು ಡಾಕ್ಟರ್ ಅಲ್ಲ. ಆದರೆ ಅಂಗಡಿಯವರ ಮಗಳು. ತಿಪಟೂರಿನಲ್ಲಿ ನಮ್ಮಪ್ಪ ದಿನಸಿ ಅಂಗಡಿ ಇಟ್ಟಿದ್ದರು. ಶಾಲೆ ಬಿಟ್ಟ ಮೇಲೆ ಗಲ್ಲಾ ಪಕ್ಕದ ಸ್ಟೂಲೇ ನನ್ನ ಜಾಗ. ಹಾಗಾಗಿ ಅಂಗಡಿಗೆ ಬರುವ ಚಿಕ್ಕ ಮಕ್ಕಳನ್ನು ಆ ಕಡೆಯಿಂದ ಎಷ್ಟೋ ವರ್ಷ ನೋಡಿದ್ದೇನೆ. ಈಗ ಬೆಂಗಳೂರಿನಲ್ಲಿ ಈ ಕಡೆಯಿಂದ ಅನುಭವಿಸುತ್ತಿದ್ದೇನೆ.

ಮೊದಲು ಒಂದು ಬೇಡಿಕೆ. 'ಮುಟ್ಟಿದ್ರೆ ಅಂಕಲ್ ಹೊಡೀತಾರೆ ನೋಡು' ಅಂತ ಮಾತ್ರ ಹೇಳಬೇಡಿ. ನಮ್ಮಪ್ಪ ಜೋರಾಗಿ ಮಾತಾಡಿದವರೂ ಅಲ್ಲ. ಆದರೂ ಅವರನ್ನು ಊರಿನ ಅರ್ಧ ಮಕ್ಕಳಿಗೆ ಗುಮ್ಮ ಮಾಡಿಬಿಟ್ಟಿದ್ದರು. ಕೆಲವು ಮಕ್ಕಳು ಅಂಗಡಿ ಮೆಟ್ಟಿಲು ಕಂಡರೆ ಅಳುತ್ತಿದ್ದವು. ಇನ್ನು ಕೆಲವು, ಅಂಕಲ್ ಹೊಡೆಯಲ್ಲ ಅಂತ ಗೊತ್ತಾದ ದಿನದಿಂದ ಅಮ್ಮನ ಮಾತೂ ಸುಳ್ಳು ಅಂತ ತಿಳಿದುಕೊಂಡು ಬೆಲ್ಲದ ಉಂಡೆಗೇ ಕೈ ಹಾಕುತ್ತಿದ್ದವು. ಎರಡರಲ್ಲೂ ಲಾಭ ಇಲ್ಲ, ಅಲ್ವಾ?

ಈಗ ನಿಮ್ಮ ಮಗಳ ವಿಷಯ. ನಾವು ತರಕಾರಿ ಅಂಗಡಿಯಲ್ಲಿ ಏನು ಮಾಡುತ್ತೇವೆ ಅಂತ ಒಂದು ಸಲ ನೆನಪು ಮಾಡಿಕೊಳ್ಳಿ. ಬೆಂಡೆಕಾಯಿ ತುದಿ ಮುರಿದು ನೋಡುತ್ತೇವೆ. ಸೋರೆಕಾಯಿಗೆ ಉಗುರು ಚುಚ್ಚುತ್ತೇವೆ. ಟೊಮೆಟೊ ಒತ್ತುತ್ತೇವೆ, ಹಲಸಿನ ಹಣ್ಣು ತಟ್ಟುತ್ತೇವೆ, ಕೊತ್ತಂಬರಿ ಕಟ್ಟು ಎತ್ತಿ ಮೂಸುತ್ತೇವೆ. ನಮ್ಮ ಸೊಂಟದ ಮೇಲೆ ಕೂತ ಮಗು ಇಷ್ಟನ್ನೂ ನೋಡುತ್ತದೆ. ಅಂಗಡಿ ಅಂದರೆ ಮುಟ್ಟುವ ಜಾಗ ಅಂತ ಅದು ಸರಿಯಾಗಿಯೇ ಅರ್ಥ ಮಾಡಿಕೊಂಡಿದೆ. ಆಮೇಲೆ ನಾವು ತಿರುಗಿ 'ಏಯ್, ಮುಟ್ಟಬೇಡ' ಅನ್ನುತ್ತೇವೆ.

ಅದಕ್ಕೇ ನನ್ನ ಉತ್ತರ ಸ್ವಲ್ಪ ಉಲ್ಟಾ. ಮುಟ್ಟದೇ ಇರುವುದನ್ನು ಕಲಿಸುವುದಕ್ಕೆ ಹೋಗಬೇಡಿ. ಹೇಗೆ ಮುಟ್ಟಬೇಕು ಅನ್ನುವುದನ್ನು ಕಲಿಸಿ. ಎರಡು ವರ್ಷದ ಮಗುವಿಗೆ 'ಬೇಡ' ಅನ್ನುವ ಮಾತು ಅರ್ಥವಾಗುತ್ತದೆ. ಆದರೆ ಚಾಚಿದ ಕೈಯನ್ನು ತಾನೇ ತಡೆದುಕೊಳ್ಳುವುದು ಬೇರೆ ವಿದ್ಯೆ. ಅದನ್ನು ನೋಡಿಕೊಳ್ಳುವ ಮೆದುಳಿನ ಮುಂಭಾಗ ಬೆಳೆಯುವುದಕ್ಕೆ ವರ್ಷಗಟ್ಟಲೆ ಬೇಕು. ಬ್ರೇಕ್ ಇನ್ನೂ ಕೂರಿಸದ ಗಾಡಿ ಅದು.

ನಮ್ಮ ಭಾಷೆಯದ್ದೂ ಒಂದು ತಮಾಷೆ ಇದೆ. ಇದು ನನ್ನ ಊಹೆ ಅಷ್ಟೇ. 'ಮುಟ್ಟಬೇಡ' ಅನ್ನುವುದರಲ್ಲಿ ಮೊದಲು ಕೇಳಿಸುವುದು 'ಮುಟ್ಟು'. ಬೇಡ ಬರುವಷ್ಟರಲ್ಲಿ ಕೈ ಬಾಟಲ್ ಮೇಲಿರುತ್ತದೆ. 'ಓಡಬೇಡ', 'ಎಳೀಬೇಡ' ಎಲ್ಲವೂ ಹಾಗೇ. ನಾನು ಈಗ 'ಕೈ ಕಟ್ಟು' ಅನ್ನುತ್ತೇನೆ. ನಮ್ಮ ಕಾಲದಲ್ಲಿ ಮೇಷ್ಟ್ರು ಕೈ ಕಟ್ಟಿ, ಬಾಯಿ ಮೇಲೆ ಬೆರಳು ಅಂತ ಕೂರಿಸುತ್ತಿದ್ದರಲ್ಲ, ಅದೇ. ಆದರೆ ಆಟದ ಥರ. ನಾನೂ ಕೈ ಕಟ್ಟುತ್ತೇನೆ, ಅವನೂ ಕಟ್ಟುತ್ತಾನೆ, ಇಬ್ಬರೂ ಶೋಕೇಸ್ ಮುಂದೆ ಮೂಗು ಚಾಚಿ ನೋಡುತ್ತೇವೆ. ಹತ್ತು ಸೆಕೆಂಡ್ ನಡೆಯುತ್ತದೆ. ಹತ್ತು ಸೆಕೆಂಡ್ ಕಮ್ಮಿ ಏನಲ್ಲ.

ಒಂದು ಬೆರಳಿನ ಪಾಠ ಇದಕ್ಕಿಂತ ಜಾಸ್ತಿ ಕೆಲಸ ಮಾಡಿತು. ಅದನ್ನು ಮನೆಯಲ್ಲೇ ಶುರು ಮಾಡಿದೆ. ಅಜ್ಜಿಯ ಗಾಜಿನ ಬಳೆ, ಅಪ್ಪನ ವಾಚು, ಕನ್ನಡಿ, ಎಲ್ಲಾ 'ಒಂದು ಬೆರಳಿನ ಸಾಮಾನು'. ತೋರುಬೆರಳು ಮಾತ್ರ, ಮೆತ್ತಗೆ. ಹದಿನೈದು ದಿನ ಆದ ಮೇಲೆ ಗಾಂಧಿ ಬಜಾರಿನ ಕಡೆ ಒಂದು ಬಳೆ ಅಂಗಡಿಗೆ ಹೋದೆವು. ಕೊಳವೆಗೆ ಪೋಣಿಸಿಟ್ಟ ಹಸಿರು ಬಳೆ, ಅವನ ಕೈಗೆ ಎಟುಕುವ ಎತ್ತರದಲ್ಲೇ. ನನ್ನ ಎದೆ ಡವಡವ. ಅವನು ಐದೂ ಬೆರಳು ಚಾಚಿದ. 'ಒಂದು ಬೆರಳು' ಅಂದೆ. ನಿಂತ. ನಾಲ್ಕು ಬೆರಳನ್ನು ಇನ್ನೊಂದು ಕೈಯಿಂದ ಹಿಡಿದು ಮಡಚಿಕೊಂಡ, ಒಂದೊಂದಾಗಿ. ಆಮೇಲೆ ಉಳಿದ ಬೆರಳಿನಿಂದ ಬಳೆ ಸಾಲನ್ನು ಸವರಿದ. ಜಲ್ ಅಂತ ಸದ್ದು ಬಂತು. ಇನ್ನೊಂದು ಸಲ, ಮತ್ತೊಂದು ಸಲ. ಅಂಗಡಿಯ ಅಮ್ಮ ಮೊದಲು ಹೆದರಿ ಎದ್ದವರು ಹಾಗೇ ಕೂತರು. ನಾನು ಒಂದು ಡಜನ್ ತೆಗೆದುಕೊಂಡೆ. ನನಗೆ ಬೇಕಿರಲಿಲ್ಲ.

ಇನ್ನೊಂದು ಉಪಾಯ ನಮ್ಮಪ್ಪನದು. ತಿಪಟೂರು ಅಂದರೆ ಕೊಬ್ಬರಿ, ತೆಂಗು. ಮಗು ಮೂಟೆಗಳ ಕಡೆ ಹೊರಟಿತು ಅಂದ ತಕ್ಷಣ ಅಪ್ಪ ಒಂದು ಸುಲಿದ ತೆಂಗಿನಕಾಯಿ ಅದರ ಕೈಗೆ ಕೊಟ್ಟು 'ಅಲ್ಲಾಡಿಸಿ ನೋಡು ಮರಿ, ನೀರಿದೆಯಾ ಹೇಳು' ಅನ್ನುತ್ತಿದ್ದರು. ತೆಂಗಿನಕಾಯಿ ಹಿಡಿಯುವುದಕ್ಕೆ ಮಗುವಿಗೆ ಎರಡೂ ಕೈ ಬೇಕು. ಭಾರ ಬೇರೆ. ಕಿವಿ ಹತ್ತಿರ ತರಬೇಕು, ಅಲ್ಲಾಡಿಸಬೇಕು, ಕೇಳಬೇಕು. ಅಷ್ಟರಲ್ಲಿ ಅಮ್ಮನ ಚೀಟಿಯ ಸಾಮಾನು ಕಟ್ಟಿ ಆಗಿರುತ್ತಿತ್ತು. ಎರಡು ಕೈ ತುಂಬಿದ ಮಗು ಮೂರನೆಯದನ್ನು ಮುಟ್ಟುವುದಾದರೂ ಹೇಗೆ ಹೇಳಿ!

ಸೂಪರ್ ಮಾರ್ಕೆಟ್‌ನಲ್ಲೂ ಇದು ನಡೆಯುತ್ತದೆ. ಉಪ್ಪಿನ ಪ್ಯಾಕೆಟ್ ಕೊಡಿ, 'ಇದನ್ನು ಬಿಲ್ ಅಂಕಲ್‌ಗೆ ನೀನೇ ಕೊಡಬೇಕು' ಅನ್ನಿ. ಒಡೆಯದ, ಹರಿಯದ, ಬಾಯಿಗೆ ಹೋಗದ ಸಾಮಾನು ಆಗಬೇಕು. ಬಟ್ಟೆ ಸೋಪು ಕೊಟ್ಟು ನಾನು ಒಂದು ಸಲ ಪಾಠ ಕಲಿತೆ, ಹಲ್ಲಿನ ಗುರುತಿದ್ದ ಸೋಪಿಗೆ ದುಡ್ಡು ಕೊಟ್ಟೆ.

ಅಕ್ಕಿ, ಬೇಳೆ ಸುರಿದಿಟ್ಟ ತೊಟ್ಟಿಗಳ ಬಗ್ಗೆ ಮಾತ್ರ ನನಗೆ ಕಟ್ಟುನಿಟ್ಟು ಮಾಡುವುದಕ್ಕೆ ಮನಸ್ಸು ಬರುವುದಿಲ್ಲ. ಬಾಯಿ ಮಡಚಿದ ಗೋಣಿಚೀಲದ ಹೆಸರುಕಾಳಿನೊಳಗೆ ಮೊಣಕೈವರೆಗೆ ಕೈ ಇಳಿಸುತ್ತಿದ್ದೆ ನಾನು. ಬೇಸಿಗೆಯಲ್ಲೂ ಒಳಗೆ ತಣ್ಣಗಿರುತ್ತಿತ್ತು. ಬೆರಳ ಸಂದಿಯಲ್ಲಿ ಕಾಳು ಜಾರುವುದು ಈಗಲೂ ನೆನಪಿದೆ. ಆದರೆ ಅದು ನಮ್ಮ ಅಂಗಡಿ, ಇದು ಊರವರು ತಿನ್ನುವ ಅಕ್ಕಿ. ಹಾಗಾಗಿ ಮನೆಯಲ್ಲಿ ಅಗಲವಾದ ಪಾತ್ರೆಗೆ ಅಕ್ಕಿ ಹಾಕಿ, ಎದುರಿಗೆ ಕೂತು, ಆಸೆ ತೀರಿಸಿ. ಬಿಟ್ಟು ಏಳಬೇಡಿ. ಕಾಳು ಮೂಗಿಗೆ, ಕಿವಿಗೆ ಹೋಗುವುದಕ್ಕೆ ಒಂದು ನಿಮಿಷ ಸಾಕು.

ಇಷ್ಟೂ ಒಡೆಯುವ, ಚೆಲ್ಲುವ ಸಾಮಾನಿನ ಮಾತಾಯಿತು. ಜೀವಕ್ಕೆ ತೊಂದರೆ ಮಾಡುವ ಸಾಮಾನಿನ ವಿಷಯದಲ್ಲಿ ಕಲಿಸುವ ಮಾತೇ ಬೇಡ, ಕಾಯುವುದೊಂದೇ. ಈ ವಯಸ್ಸಿನಲ್ಲಿ 'ನನ್ನ ಮಗುವಿಗೆ ಹೇಳಿಕೊಟ್ಟಿದ್ದೇನೆ' ಅಂತ ನಂಬಿ ಕೂರಬೇಡಿ. ಎತ್ತಿಕೊಳ್ಳಿ, ಇಲ್ಲವೇ ದೂರ ನಿಲ್ಲಿಸಿ.

ನನಗೆ ಹೆಚ್ಚು ಭಯ ಗ್ರಂಧಿಗೆ ಅಂಗಡಿ. ಕರ್ಪೂರ ಕಲ್ಲುಸಕ್ಕರೆ ಥರ ಕಾಣುತ್ತದೆ, ಸ್ವಲ್ಪ ನುಂಗಿದರೂ ಚಿಕ್ಕ ಮಕ್ಕಳಿಗೆ ಫಿಟ್ಸ್ ಬರಬಹುದು. ಬಟ್ಟೆಗೆ ಇಡುವ ನುಸಿ ಗುಳಿಗೆ ಪೆಪ್ಪರ್‌ಮಿಂಟ್ ಥರ ಇರುತ್ತದೆ, ಅದೂ ವಿಷ. ಗುಲಗಂಜಿಯಂತೂ ಕೆಂಪು ಕಪ್ಪು ಬಣ್ಣದಲ್ಲಿ ಮಗುವನ್ನು ಕರೆಯುತ್ತದೆ. ಅಗಿದರೆ ಪ್ರಾಣಕ್ಕೇ ಅಪಾಯ. ಬೀಡಾ ಅಂಗಡಿಯ ಸುಣ್ಣದ ಪ್ಯಾಕೆಟ್ ಇನ್ನೊಂದು. ಮಕ್ಕಳು ಹಿಚುಕುತ್ತವೆ, ಒಡೆದು ಕಣ್ಣಿಗೆ ಹಾರುತ್ತದೆ, ದೃಷ್ಟಿಯೇ ಹೋಗಬಹುದು. ಹಾರಿದರೆ ಅಲ್ಲೇ, ಆಗಲೇ, ನೀರು ಸುರಿದು ತೊಳೆಯುತ್ತಾ ಇರಬೇಕು, ಆಮೇಲೆ ಕಣ್ಣಿನ ಆಸ್ಪತ್ರೆ.

ಜಾತ್ರೆಗಳಲ್ಲಿ ಮಿಣಮಿಣ ಲೈಟ್ ಉರಿಯುವ ಆಟಿಕೆ ಮಾರುತ್ತಾರಲ್ಲ, ಅದರೊಳಗಿನ ಬಟನ್ ಸೆಲ್ ಕೂಡ ಹಾಗೇ. ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಕೊಳ್ಳಲೇಬೇಡಿ. ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿ 2 ಗಂಟೆಯೊಳಗೇ ಸುಡುವುದಕ್ಕೆ ಶುರು ಮಾಡಬಹುದು. ಮಲದಲ್ಲಿ ಹೋಗುತ್ತೆ ಬಿಡು ಅಂತ ಕಾಯಬಾರದು.

ಒಣಮೆಣಸಿನಕಾಯಿ ಪ್ರಾಣ ತೆಗೆಯುವುದಿಲ್ಲ, ಆದರೆ ದಿನ ಹಾಳು ಮಾಡುತ್ತದೆ. ಬ್ಯಾಡಗಿ ಆದರೆ ನಿಮ್ಮ ಪುಣ್ಯ, ಗುಂಟೂರು ಆದರೆ ಸಂಜೆವರೆಗೆ ಅಳು. ಖಾರ ಬರೀ ನೀರಿಗೆ ಬಿಡುವುದಿಲ್ಲ. ಕೈಗೆ ಮೊದಲು ಕೊಬ್ಬರಿ ಎಣ್ಣೆ ಸವರಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಅಷ್ಟು ಹೊತ್ತು ಆ ಕೈ ಕಣ್ಣಿಗೆ ಹೋಗದ ಹಾಗೆ ಹಿಡಿದಿರಬೇಕು, ಅದೇ ದೊಡ್ಡ ಸಾಹಸ.

ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನನಗೆ ಪೇಚಿಗಿಟ್ಟುಕೊಂಡಿತ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ, ದಾರಿಯ ಎರಡೂ ಕಡೆ ಕಡಲೆಕಾಯಿ ರಾಶಿ. ಅಲ್ಲಿ ಮುಟ್ಟುವುದೇ ವ್ಯಾಪಾರ. ಎಲ್ಲರೂ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡೇ ಚೌಕಾಸಿ ಮಾಡುವುದು. ಮಗ ರಾಶಿಗೆ ಕೈ ಹಾಕಿದ. ನಾನು ಬೈಯುವಷ್ಟರಲ್ಲಿ ಮಾರುವ ಅಜ್ಜಿ 'ಬುಡವ್ವ, ಕೂಸು ಎಷ್ಟು ತಿಂದಾತು' ಅಂತ ಒಂದು ಹಿಡಿ ಅವನ ಜೇಬಿಗೇ ಸುರಿದರು. ನನಗೆ ರಾಶಿಯ ಚಿಂತೆ ಅಲ್ಲ, ಇಡೀ ಬೀಜದ ಚಿಂತೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡೀ ಕಡಲೆಬೀಜ ಶ್ವಾಸನಾಳಕ್ಕೆ ಜಾರುವ ಭಯ ಇದೆ. ಅಜ್ಜಿಗೆ ಕೈ ಮುಗಿದು, ಸಿಪ್ಪೆ ಇದ್ದ ಕಾಯಿಗಳನ್ನು ಅವನ ಕೈಯಿಂದಲೇ ಚೀಲಕ್ಕೆ ಹಾಕಿಸಿದೆ. ಲೆಕ್ಕ ಹಾಕುತ್ತಾ ಹಾಕಿದ. ಎರಡು, ಎರಡು, ಐದು, ಎರಡು.

ಬೈದರೆ ನಗುತ್ತಾಳೆ ಅಂದಿರಲ್ಲ. ನಿಮ್ಮನ್ನು ಹಂಗಿಸುತ್ತಿಲ್ಲ. ಬಾಟಲ್ ಎಳೆದರೆ ಅಮ್ಮನ ಕಣ್ಣು ದೊಡ್ಡದಾಗುತ್ತೆ, ದನಿ ಏರುತ್ತೆ, ಅಂಗಡಿಯವರೆಲ್ಲ ತಿರುಗಿ ನೋಡುತ್ತಾರೆ. ಗುಂಡಿ ಒತ್ತಿದರೆ ಹಾಡು ಬರುವ ಆಟಿಕೆಗಿಂತ ಇದು ಚೆನ್ನಾಗಿದೆ. ಮುಖ ಸಪ್ಪಗೆ ಇಟ್ಟುಕೊಂಡು, ಕೈ ಹಿಡಿದು ಬಿಡಿಸಿ, ಸುಮ್ನೆ ಮುಂದಕ್ಕೆ ಹೋಗಿ. ಮೂರನೇ ಸಲವೂ ಮಾಡಿದರೆ ಎತ್ತಿಕೊಂಡು ಹೊರಗೆ ಬನ್ನಿ. ಬುಟ್ಟಿಯನ್ನು ಅಂಗಡಿ ಹುಡುಗನ ಕೈಗೆ ಕೊಟ್ಟು ಬನ್ನಿ, ದಾರಿಯಲ್ಲಿ ಬಿಟ್ಟು ಬರಬೇಡಿ. ಕರಗಿ ಹಾಳಾದ ಐಸ್‌ಕ್ರೀಮ್ ಎತ್ತಿಡುವವರು ನಮ್ಮಂಥವರೇ.

ಏಟಿನ ವಿಷಯ. ಏಟು ಕೊಟ್ಟರೆ ನೀವು ನೋಡುವಷ್ಟು ಹೊತ್ತು ಕೈ ನಿಲ್ಲುತ್ತದೆ, ಅಷ್ಟೇ. ಅತ್ತೆಯವರ ಜೊತೆ ವಾದ ಬೇಡ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಮೊಮ್ಮಗಳ ಕೈ ಅವರ ಕೈಗೆ ಕೊಟ್ಟುಬಿಡಿ. ಅರ್ಧ ಗಂಟೆ ಆದ ಮೇಲೆ ಅವರೇ ಬೇರೆ ಉಪಾಯ ಹುಡುಕುತ್ತಾರೆ. ನಮ್ಮಲ್ಲಿ ಹಾಗೇ ಆಗಿದ್ದು.

ಹೊತ್ತು ನೋಡಿಕೊಂಡು ಹೋಗಿ. ನಿದ್ದೆ ಆಗಿ, ಹೊಟ್ಟೆ ತುಂಬಿದ ಮಗುವಿನ ಜೊತೆ ಇಪ್ಪತ್ತು ನಿಮಿಷ ಸಿಗುತ್ತದೆ. ಬಿಲ್ ಕ್ಯೂನಲ್ಲಿ ಚಾಕೊಲೇಟನ್ನು ಮಗುವಿನ ಕಣ್ಣಿನ ಎತ್ತರಕ್ಕೆ ಜೋಡಿಸಿರುತ್ತಾರೆ, ಬೇಕಂತಲೇ. ಅಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡು ಮೊದಲೇ ಹೊರಗೆ ಹೋಗುವುದು ಒಳ್ಳೆಯದು. ಟ್ರಾಲಿಯಲ್ಲಿ ಮಗುವನ್ನು ಕೂರಿಸಿ ಬೆಲ್ಟ್ ಹಾಕಿ, ಅದರೊಳಗೆ ನಿಲ್ಲಿಸಬೇಡಿ. ತಲೆ ಕೆಳಗಾಗಿ ಬೀಳುತ್ತಾರೆ.

ಒಡೆದಾಗ? 'ಎಷ್ಟಾಯ್ತು?' ಅಂತ ಮೊದಲು ನೀವೇ ಕೇಳಿ, ಮಗು ಪಕ್ಕದಲ್ಲಿರುವಾಗ. ಹಾಗೆ ಕೇಳಿದವರ ಹತ್ತಿರ ನಮ್ಮಪ್ಪ ಬಹಳ ಸಲ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಕೇಳದೆ ಮೆಲ್ಲಗೆ ಜಾರಿಕೊಂಡವರ ಬಗ್ಗೆ ರಾತ್ರಿ ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದರು, ಒಂದೂವರೆ ರೂಪಾಯಿ ಸಾಮಾನಾದರೂ ಸರಿ.

ನಿನ್ನೆ ಸಂಜೆ ನಮ್ಮ ಬೀದಿಯ ಅಂಗಡಿಗೆ ಮಗನ ಜೊತೆ ಹೋಗಿದ್ದೆ. ತೆಂಗಿನಕಾಯಿ ಕೊಟ್ಟೆ. ಕಿವಿಗೆ ಹಿಡಿದು ಅಲ್ಲಾಡಿಸಿದ, 'ನೀಲು ಇದೆ' ಅಂದ. ಅಂಗಡಿಯವರು 'ಭಲೇ!' ಅಂದರು. ನಾನು ಬೀಗುತ್ತಾ ಪರ್ಸ್ ತೆಗೆಯುವುದಕ್ಕೆ ತಿರುಗಿದೆ. ಅವನು ಕಾಯಿಯನ್ನು ಜೋಪಾನವಾಗಿ ಕೆಳಗಿಟ್ಟು, ಮೇಲಿಂದ ಇಳಿಬಿಟ್ಟಿದ್ದ ಶಾಂಪೂ ಸ್ಯಾಶೆಯ ಸರದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಹದಿನಾರು ಸ್ಯಾಶೆ ಇತ್ತು. ಎಣಿಸಿ ದುಡ್ಡು ಕೊಟ್ಟೆ. ಈ ತಿಂಗಳಿಗೆ ಶಾಂಪೂ ಆಯಿತು.