ಬೇಸ್‌ಬಾಲ್ ಆಡುವ ಮಗ ಹೋಮ್ ರನ್ ಹೊಡೆಯುತ್ತಾನೆ, ಆದರೆ ಸ್ಟ್ರೈಕ್‌ಔಟ್ ಜಾಸ್ತಿ. ಜೋರಾಗಿ ಬೀಸುವುದನ್ನು ಬಿಡಿಸಬೇಕಾ?

ನನ್ನ ಮಗನೂ ಥೇಟ್ ಹೀಗೇ ಇದ್ದ. ನಾವಿರುವುದು ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ, ಅವನು ರೈಟ್ ಫೀಲ್ಡರ್. ತಾಗಿದರೆ ಚೆಂಡು ಬೇಲಿಯಾಚೆ, ಅದೇ ಹೋಮ್ ರನ್. ಇಲ್ಲಾಂದ್ರೆ ಬೀಸಿ ಬೀಸಿ ತಾಗದೆ ಮೂರು ಸ್ಟ್ರೈಕ್, ಅಂದರೆ ಸ್ಟ್ರೈಕ್‌ಔಟ್, ವಾಪಸ್ ಬೆಂಚಿಗೆ.

ನಾನು ದ್ರಾವಿಡ್ ಆಟ ನೋಡಿ ಬೆಳೆದವನು. ಔಟಾಗುವುದೇ ಪಾಪ ಅಂತ ತಲೆಯಲ್ಲಿ ಕೂತಿತ್ತು. "ಸುಮ್ನೆ ಬೀಸಬೇಡ ಕಣೋ, ಮೊದಲು ಬ್ಯಾಟಿಗೆ ತಾಗಿಸು" ಅಂತ ದಿನಾ ಪೀಡಿಸಿದೆ, ಹಿತ್ತಲಲ್ಲಿ ನಿಲ್ಲಿಸಿ ಅರ್ಧ ಸ್ವಿಂಗ್ ಮಾಡಿಸಿದೆ. ನಾನು ಕೆಟ್ಟಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಮೆಲ್ಲಗೆ ತಟ್ಟಿ ಅಲ್ಲೇ ನಿಂತುಕೊಳ್ಳಬಹುದು, ಯಾರೂ ಓಡು ಅನ್ನುವುದಿಲ್ಲ. ಬೇಸ್‌ಬಾಲಿನಲ್ಲಿ ಚೆಂಡು ಗೆರೆಯೊಳಗೆ ಬಿತ್ತೋ, ಓಡಲೇಬೇಕು. ಮೆಲ್ಲಗೆ ತಟ್ಟಿದ್ದು ಹತ್ತಿರದಲ್ಲೇ ನಿಂತ ಶಾರ್ಟ್‌ಸ್ಟಾಪ್ ಅನ್ನುವ ಫೀಲ್ಡರ್ ಕೈಗೆ ಹೋಗುತ್ತದೆ, ಹೊಡೆದವನು ಓಡಿ ಮುಟ್ಟಬೇಕಾದ ಫಸ್ಟ್ ಬೇಸಿಗೆ ಅವನು ಮೊದಲೇ ಎಸೆಯುತ್ತಾನೆ, ಔಟ್. ಫಸ್ಟ್ ಬೇಸಿನಲ್ಲಿ ನಮ್ಮವನೊಬ್ಬ ಇದ್ದರೆ ಒಂದೇ ಏಟಿಗೆ ಇಬ್ಬರೂ ಔಟ್! ಅದಕ್ಕಿಂತ ಸ್ಟ್ರೈಕ್‌ಔಟೇ ವಾಸಿ ಅಲ್ವಾ? ಮೇಲಾಗಿ ಅದೇ ಆಟದಲ್ಲಿ ಮತ್ತೆ ಸರದಿ ಬರುತ್ತದೆ. ಇದು ನನಗೆ ಅರ್ಥವಾಗುವಷ್ಟರಲ್ಲಿ ಅವನ ಸ್ಟ್ರೈಕ್‌ಔಟ್ ಇಳಿದಿತ್ತು, ಹೋಮ್ ರನ್ ನಿಂತೇ ಹೋಗಿತ್ತು, ಹೈಸ್ಕೂಲ್ ತಂಡಕ್ಕೆ ಆಯ್ಕೆಯೂ ಆಗಲಿಲ್ಲ. ಈಗ ಬೇಸ್‌ಬಾಲ್ ಮಾತೆತ್ತಿದರೆ ಎದ್ದು ಹೋಗುತ್ತಾನೆ.

ಹೆಸರಾಂತ ಬೇಸ್‌ಬಾಲ್ ಆಟಗಾರ ಆರನ್ ಜಡ್ಜ್ ನೋಡಿ. ನಮ್ಮ ಪಕ್ಕದ ಲಿಂಡನ್ ಊರಿನ ಹುಡುಗ, ಫ್ರೆಸ್ನೊ ಸ್ಟೇಟ್‌ನಲ್ಲಿ ಓದಿದವನು. 2016ರಲ್ಲಿ ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಬಂದಾಗ 84 ಅಟ್-ಬ್ಯಾಟ್‌ಗಳಲ್ಲಿ (ಬ್ಯಾಟಿಂಗ್ ಸರದಿಗಳಲ್ಲಿ) 42 ಸ್ಟ್ರೈಕ್‌ಔಟ್, ಅಂದರೆ ಸರಿಯಾಗಿ ಅರ್ಧ. ನನ್ನ ಕೈಗೆ ಸಿಕ್ಕಿದ್ದರೆ ಅವನಿಗೂ ಅರ್ಧ ಸ್ವಿಂಗೇ ಗತಿ! ಮರುವರ್ಷ 208 ಸಲ ಸ್ಟ್ರೈಕ್‌ಔಟ್ ಆದ, 52 ಹೋಮ್ ರನ್ನೂ ಹೊಡೆದ, ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಅತ್ಯುತ್ತಮ ಹೊಸ ಆಟಗಾರ ಆದ. 2022ರಲ್ಲಿ 62 ಹೊಡೆದು, 1961ರಿಂದ ಇದ್ದ ರೋಜರ್ ಮ್ಯಾರಿಸ್‌ನ 61ರ ಅಮೆರಿಕನ್ ಲೀಗ್ (ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲೊಂದು) ದಾಖಲೆ ಮುರಿದ. ಆ ವರ್ಷವೂ 175 ಸ್ಟ್ರೈಕ್‌ಔಟ್.

ಆದರೆ 2017ರ ಇನ್ನೊಂದು ಲೆಕ್ಕ ಯಾರೂ ಹೇಳುವುದಿಲ್ಲ. 127 ವಾಕ್. ಒಂದೇ ಸರದಿಯಲ್ಲಿ ನಾಲ್ಕು ಕೆಟ್ಟ ಚೆಂಡು ಬೀಸದೆ ಬಿಟ್ಟರೆ ಸಿಗುವುದೇ ವಾಕ್; ಹಾಗೆ ಬಿಟ್ಟು ಬಿಟ್ಟು ಅಷ್ಟು ಸಲ ಪುಕ್ಕಟೆ ಫಸ್ಟ್ ಬೇಸ್ ಸೇರಿದ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರಾಗಬೇಡಿ. ಎಷ್ಟು ಜೋರಾಗಿ ಬೀಸುತ್ತಾನೆ ಅನ್ನುವುದನ್ನು ಬಿಡಿ, ಯಾವ ಚೆಂಡಿಗೆ ಬೀಸುತ್ತಾನೆ ನೋಡಿ. ಮುಂದಿನ ಮ್ಯಾಚಿನಲ್ಲಿ ಒಂದು ಚೀಟಿ ಇಟ್ಟುಕೊಂಡು, ಸ್ಟ್ರೈಕ್ ಝೋನಿನ (ಹೋಮ್ ಪ್ಲೇಟಿನ ಮೇಲೆ, ಹೆಚ್ಚುಕಮ್ಮಿ ಮಂಡಿಯಿಂದ ಎದೆವರೆಗಿನ ಜಾಗ) ಹೊರಗಿನ ಚೆಂಡಿಗೆ ಎಷ್ಟು ಸಲ ಬೀಸಿದ ಅಂತ ಗುರುತು ಹಾಕಿ. ಅದು ಜಾಸ್ತಿ ಇದ್ದರೆ ಆ ಚೀಟಿ ಕೋಚ್‌ಗೆ ತೋರಿಸಿ. ಸ್ವಿಂಗ್ ಮಾತ್ರ ನೀವು ಮುಟ್ಟಲೇಬೇಡಿ.