ಜೇಡನ ಎರಡನೇ ಕಾಲು

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಜೂಲಿಯನ್ ಅಲ್ವಾರೆಜ್‌ನನ್ನು ಸಿಕ್ಕಾಪಟ್ಟೆ ಹೊಗಳಿದ್ದೀರಿ. 2022ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಅವನ ಮೊದಲ ಗೋಲು ನೋಡಿ. ಚೆಂಡು ಎರಡು ಸಲ ಎದುರಾಳಿಗೆ ಬಡಿದು ಅವನ ಮುಂದೆಯೇ ಬಿತ್ತು. ಇದು ಆಟವೋ, ಬರೀ ಅದೃಷ್ಟವೋ?

ಸಂಪಾದಕರ ಉತ್ತರ: ನಿಮ್ಮ ಪತ್ರ ಬಂದ ಮೇಲೆ ಆ ಗೋಲನ್ನು ಮತ್ತೆ ನಾಲ್ಕು ಸಲ ಹಾಕಿಕೊಂಡು ನೋಡಿದೆ. ನೀವು ಹೇಳಿದ್ದು ಸರಿ. ಕ್ರೊಯೇಷಿಯಾದ ಯುರಾನೊವಿಚ್ ಅಡ್ಡ ಬಂದ, ಚೆಂಡು ತಾಗಿ ಜೂಲಿಯನ್ ಮುಂದೆಯೇ ಬಿತ್ತು. ಸೋಸಾ ಬಂದ, ಮತ್ತೆ ಅದೇ ಕಥೆ. ಆದರೆ ಆ ಓಟ ಶುರುವಾಗಿದ್ದು ಅರ್ಜೆಂಟೀನಾದ ಅರ್ಧದಲ್ಲಿ ಅಲ್ವಾ? ಚೆಂಡು ಬಿದ್ದ ಕಡೆ ಇವನು ಇರದೇ ಹೋಗಿದ್ದರೆ ಅದನ್ನು ಅದೃಷ್ಟ ಅಂತ ಯಾರೂ ಕರೆಯುತ್ತಿರಲಿಲ್ಲ.

ನನಗೆ ಜಾಸ್ತಿ ಇಷ್ಟ ಆಸ್ಟ್ರೇಲಿಯಾ ವಿರುದ್ಧದ ಗೋಲು. ಗೋಲ್‌ಕೀಪರ್ ಮ್ಯಾಟ್ ರಯಾನ್ ಕಾಲಲ್ಲಿ ಚೆಂಡು. ಜೂಲಿಯನ್ ಜೊತೆಗಾರ ಡಿ ಪೌಲ್ ಅವನ ಮೇಲೆ ನುಗ್ಗಿದ. ರಯಾನ್ ತಪ್ಪಿಸಿಕೊಳ್ಳೋಕೆ ಹೋದರೆ ಅಲ್ಲಿ ಜೂಲಿಯನ್! ಚೆಂಡು ಕಸಿದ, ತಿರುಗಿದ, ಖಾಲಿ ಗೋಲಿಗೆ ತಳ್ಳಿದ. ಇಂಥ ಓಟ ಹೆಚ್ಚಿನ ಸಲ ವ್ಯರ್ಥ. ಆದರೂ ಓಡುತ್ತಾನೆ. ಆ ವಿಶ್ವಕಪ್‌ನ ಮೊದಲ ಎರಡು ಪಂದ್ಯಗಳಲ್ಲಿ ಅವನನ್ನು ಶುರುವಿಗೆ ಇಳಿಸಿರಲೇ ಇಲ್ಲ, ಗೊತ್ತಾ? ಮೂರನೆಯದರಲ್ಲಿ, ಪೋಲೆಂಡ್ ಎದುರು, ಜಾಗ ಸಿಕ್ಕಿತು. ಟೂರ್ನಿ ಮುಗಿಯುವಷ್ಟರಲ್ಲಿ 4 ಗೋಲು.

ಹುಟ್ಟಿದ್ದು 2000ದಲ್ಲಿ, ಕೊರ್ಡೊಬಾ ಪ್ರಾಂತ್ಯದ ಕಲ್ಚಿನ್ ಎಂಬ ಸಣ್ಣ ಊರಲ್ಲಿ. (ಅಲ್ಲಿ ‘ಹೂಲಿಯಾನ್’ ಅಂದರೇನೇ ತಿರುಗಿ ನೋಡುವುದು. ನಾವು ಟಿವಿಯವರ ಹಿಂದೆ ಬಿದ್ದು ಜೂಲಿಯನ್ ಮಾಡಿದ್ದೇವೆ.) ಎದುರಾಳಿಗೆ ಯಾವ ಕಾಲು ಎಲ್ಲಿಂದ ಬರುತ್ತದೋ ತಿಳಿಯದಂತೆ ಆಡುತ್ತಿದ್ದ. ಇವನಿಗೆ ಎರಡಕ್ಕಿಂತ ಜಾಸ್ತಿ ಕಾಲಿವೆ ಅಂತ ಮನೆಯಲ್ಲೇ ‘ಜೇಡ’ ಎಂಬ ಅಡ್ಡಹೆಸರು ಬಿತ್ತು. 11ನೇ ವಯಸ್ಸಿಗೆ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿಗೆ ಹೋಗಿ ಆಡಿ ತೋರಿಸಿದ. ವಯಸ್ಸಿನ ನಿಯಮ ಅಡ್ಡ ಬಂತು, ವಾಪಸ್ ಊರಿಗೆ. 2016ರಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಕ್ಲಬ್ ಸೇರಿದ. 2018ರ ಡಿಸೆಂಬರಿನಲ್ಲಿ ಅದೇ ಊರಿನ ಎದುರಾಳಿ ಕ್ಲಬ್ ಬೋಕಾ ವಿರುದ್ಧದ, ದಕ್ಷಿಣ ಅಮೆರಿಕದ ಕ್ಲಬ್‌ಗಳ ಕಪ್ ಆದ ಕೋಪಾ ಲಿಬರ್ಟಡೋರೆಸ್‌ನ ಫೈನಲ್ ಗಲಾಟೆಯಿಂದಾಗಿ ಮ್ಯಾಡ್ರಿಡ್‌ಗೆ ಹೋಯಿತು. ಯಾರ ಮೈದಾನ ಅಂತೀರಿ? ಅದೇ ರಿಯಲ್‌ದು! 18ರ ಹುಡುಗ ಬದಲಿ ಆಟಗಾರನಾಗಿ ಇಳಿದ, ಕಪ್ ಗೆದ್ದು ಬಂದ.

ಆಮೇಲೆ ಹೋದ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬಿನಲ್ಲಿ ಕಪ್‌ಗಳಿಗೇನೂ ಕಮ್ಮಿ ಇರಲಿಲ್ಲ. ಆದರೆ ಅಲ್ಲಿನ ಮುಖ್ಯ ಗೋಲುಗಾರ ಎರ್ಲಿಂಗ್ ಹಾಲಂಡ್ ಇರುವ ತನಕ ಇವನು ಎರಡನೆಯವನೇ. 2024ರಲ್ಲಿ ರಿಯಲ್‌ನ ಊರಿನದೇ ಇನ್ನೊಂದು ಕ್ಲಬ್ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಹೋದ.

ಈಗ ಅದೃಷ್ಟದ ಮಾತಿಗೆ ಬರೋಣ. 2025ರ ಮಾರ್ಚ್ 12, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್, ಎದುರಿಗೆ ಮತ್ತೆ ರಿಯಲ್. ಎರಡೂ ಪಂದ್ಯ ಸೇರಿ 2-2, ಪೆನಾಲ್ಟಿ ಶೂಟೌಟ್. ಜೂಲಿಯನ್ ಹೊಡೆಯುವಾಗ ಊರಿದ ಎಡಗಾಲು ಜಾರಿತು. ಚೆಂಡು ನೆಟ್ ಸೇರಿತು, ಅವನೂ ಗೋಲು ಅಂದುಕೊಂಡ. ವಿಡಿಯೊ ನೋಡುವವರು ಬೇರೆಯದನ್ನೇ ಕಂಡರು: ಬಲಗಾಲು ಒದೆಯುವಾಗ ಎಡಗಾಲೂ ಚೆಂಡಿಗೆ ತಾಗಿತ್ತಂತೆ. ಬೇರೆ ಆಟಗಾರನಿಗೆ ತಾಗುವ ಮೊದಲು ಹೊಡೆದವನೇ ಮತ್ತೆ ಮುಟ್ಟಿದರೆ ತಪ್ಪು ಎಂಬುದು ನಿಯಮ. ಗೋಲು ರದ್ದು. ರಿಯಲ್ 4-2ರಿಂದ ಗೆದ್ದಿತು. ರೆಫರಿ ಮಾರ್ಚಿನಿಯಾಕ್. 2022ರಲ್ಲಿ ಇದೇ ಹುಡುಗ ವಿಶ್ವಕಪ್ ಎತ್ತಿದ ಫೈನಲ್‌ಗೂ ಅವರೇ ರೆಫರಿ.

ಜಾಸ್ತಿ ಕಾಲಿದೆ ಅಂತ ಜೇಡ ಅನ್ನಿಸಿಕೊಂಡವನು ಒಂದು ಕಾಲು ಜಾಸ್ತಿ ತಾಗಿದ್ದಕ್ಕೆ ಸಿಕ್ಕಿಬಿದ್ದ. ನಗಬೇಕೋ ಅಳಬೇಕೋ! ಅದೇ ಜೂನ್‌ನಲ್ಲಿ ನಿಯಮ ಮಾಡುವವರು ಸ್ಪಷ್ಟನೆ ಕೊಟ್ಟರು: ಹೀಗೆ ಅರಿಯದೆ ಎರಡೂ ಕಾಲು ತಾಗಿ ಗೋಲಾದರೆ ಮತ್ತೊಮ್ಮೆ ಹೊಡೆಯಲು ಬಿಡಬೇಕು. ಆ ಹೊತ್ತಿಗೆ ಆ ವರ್ಷದ ಚಾಂಪಿಯನ್ಸ್ ಲೀಗ್ ಕಪ್ ಪ್ಯಾರಿಸ್‌ನ ಕ್ಲಬ್ಬಿಗೆ ಹೋಗಿ ಆಗಿತ್ತು.